ಅಧ್ಯಕ್ಷರ ಆಯ್ಕೆ: ಜನಮತವೋ, ನಿರ್ವಾಚಕರ ಮತವೋ?

ಒಂದೇ ಅಂಗಡಿಯಲ್ಲಿ ಎರಡು ಬಗೆಯ ತೂಕದ ಕಲ್ಲುಗಳಿದ್ದರೆ ಅದು ಅನ್ಯಾಯವೆಂದು ಮಗುವೂ ಹೇಳುತ್ತದೆ. ಮತದ ವಿಷಯದಲ್ಲಾದರೋ ಈ ನ್ಯಾಯ ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ಅಮೆರಿಕದ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸಬೇಕೆ, ಈಗಿರುವಂತೆ ನಿರ್ವಾಚಕರ ಮೂಲಕವೇ ಆರಿಸಬೇಕೆ ಎಂಬ ಎರಡು ಶತಮಾನಗಳ ವಾದವೇ ಇದಕ್ಕೆ ನಿದರ್ಶನ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಂವಿಧಾನ ಸಭೆಯಲ್ಲಿ ಜೇಮ್ಸ್ ವಿಲ್ಸನ್ ನೇರ ಚುನಾವಣೆಯನ್ನು ಸೂಚಿಸಿದರು. ಸಭೆ ಅದನ್ನು ಒಪ್ಪಲಿಲ್ಲ. ವಿಶಾಲ ದೇಶದ ಜನ ದೂರದ ಅಭ್ಯರ್ಥಿಗಳ ಯೋಗ್ಯತೆಯನ್ನು ಅರಿಯಲಾರರೆಂಬ ಸಂದೇಹ ಒಂದು ಕಾರಣ. ಮತ್ತೊಂದು ಕಾರಣ ಗೌರವ ತರುವಂಥದಲ್ಲ. ದಕ್ಷಿಣದ ರಾಜ್ಯಗಳಲ್ಲಿ ಮತಾಧಿಕಾರವಿಲ್ಲದ ಗುಲಾಮರು ಅಸಂಖ್ಯರಿದ್ದರು. ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿದ್ದರಿಂದ, ನಿರ್ವಾಚಕ ಪದ್ಧತಿಯಲ್ಲಿ ಅವರ ಒಡೆಯರ ರಾಜ್ಯಗಳಿಗೇ ಬಲ ಹೆಚ್ಚಿತು.

ನಿರ್ವಾಚಕರು ವಿವೇಚನೆಯುಳ್ಳ ಪ್ರಾಜ್ಞರಾಗಿರುವರೆಂದು 1788ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಮರ್ಥಿಸಿದ್ದರು. ಆ ಆಶಯ ಬಹುಬೇಗ ಮರೆಯಾಯಿತು. ನಿರ್ವಾಚಕರು ತಮ್ಮ ಪಕ್ಷದ ಅಭ್ಯರ್ಥಿಗೆ ಮತ ನೀಡುವವರಷ್ಟೇ ಆದರು. ರಾಜ್ಯಗಳು ಅವರನ್ನು ಹಾಗೆ ಕಟ್ಟಿಹಾಕಬಹುದೆಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ವಿವೇಚನೆ ಹೋಯಿತು, ಲೆಕ್ಕ ಉಳಿಯಿತು.

ಆ ಲೆಕ್ಕವಾದರೂ ಸಮವೇ? ಒಟ್ಟು 538 ನಿರ್ವಾಚಕರಲ್ಲಿ 270 ಮಂದಿಯ ಬೆಂಬಲ ಬೇಕು. 2020ರ ಜನಗಣತಿಯಂತೆ ವಯೋಮಿಂಗ್ ರಾಜ್ಯದಲ್ಲಿ ಸುಮಾರು 1.9 ಲಕ್ಷ ಜನರಿಗೆ ಒಬ್ಬ ನಿರ್ವಾಚಕ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7.3 ಲಕ್ಷ ಜನರಿಗೆ ಒಬ್ಬ. 48 ರಾಜ್ಯಗಳಲ್ಲಿ ಒಂದು ಮತದಿಂದ ಗೆದ್ದವರಿಗೂ ಆ ರಾಜ್ಯದ ನಿರ್ವಾಚಕರೆಲ್ಲರೂ ಸಲ್ಲುತ್ತಾರೆ. ಆದ್ದರಿಂದಲೇ 2000ದಲ್ಲಿ ದೇಶದಾದ್ಯಂತ 5 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದ ಆಲ್ ಗೋರ್, ಫ್ಲಾರಿಡಾದಲ್ಲಿ 537 ಮತಗಳಿಂದ ಹಿಂದೆ ಬಿದ್ದು ಸೋತರು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದೂ ಸೋತರು.

ಈ ಪದ್ಧತಿಯ ಪರವಾಗಿಯೂ ಹೇಳಬೇಕಾದುದುಂಟು. ಅಮೆರಿಕ ರಾಜ್ಯಗಳ ಒಕ್ಕೂಟ. ಚಿಕ್ಕ ರಾಜ್ಯದ ದನಿ ಜನಸಾಗರದಲ್ಲಿ ಮುಳುಗಬಾರದು. ಎಣಿಕೆಯಲ್ಲಿ ವಿವಾದವೆದ್ದರೆ ಅದು ಒಂದೆರಡು ರಾಜ್ಯಗಳಿಗೆ ಸೀಮಿತವಾಗುತ್ತದೆ. ಆದರೂ ಅಭ್ಯರ್ಥಿಗಳು ಸುತ್ತುವುದು ಫಲಿತಾಂಶ ಅನಿಶ್ಚಿತವಾಗಿರುವ ಕೆಲವೇ ರಾಜ್ಯಗಳನ್ನು. ಮಿಕ್ಕವು ಚಿಕ್ಕವಾದರೂ ದೊಡ್ಡವಾದರೂ ಉಪೇಕ್ಷಿತವೇ.

ಭಾರತದ ರಾಷ್ಟ್ರಪತಿಯೂ ನಿರ್ವಾಚಕರಿಂದಲೇ ಆಯ್ಕೆಯಾಗುವರಲ್ಲವೆ ಎಂದು ಕೇಳಬಹುದು. ನಿಜ. 2022ರ ಚುನಾವಣೆಯಲ್ಲಿ ಕಾಸರಗೋಡಿನ ಶಾಸಕರ ಮತದ ಮೌಲ್ಯ 152, ಸೊಲ್ಲಾಪುರದವರದು 175, ಹೊಸೂರಿನವರದು 176. ಆದರೆ ಈ ವ್ಯತ್ಯಾಸ 1971ರ ಜನಸಂಖ್ಯೆಯನ್ನು ಅನುಸರಿಸಿದ್ದು. ಪ್ರಜೆಗಳ ತೂಕವನ್ನು ಸಮಗೊಳಿಸುವುದೇ ಅದರ ಉದ್ದೇಶ. ಸಂವಿಧಾನ ಸಭೆಯಲ್ಲಿ ಕೆ.ಟಿ. ಷಾ ನೇರ ಚುನಾವಣೆಯನ್ನು ಬಯಸಿದ್ದರು. ಆಳುವ ಅಧಿಕಾರ ಮಂತ್ರಿಮಂಡಲದಲ್ಲಿರುವುದರಿಂದ ಅದು ಬೇಡವೆಂಬ ನಿಲುವು ಗೆದ್ದಿತು.

ಇಲ್ಲಿಯೇ ವಿವೇಕದ ಸೂತ್ರ ದೊರೆಯುತ್ತದೆ. ಪದವಿ ಸಂವಿಧಾನದ ಕಾವಲಿನದಾದರೆ ನಿರ್ವಾಚಕರ ಆಯ್ಕೆ ಸಾಕು. ಅಮೆರಿಕದಂತೆ ಒಬ್ಬ ವ್ಯಕ್ತಿಯ ಕೈಯಲ್ಲಿ ಸೇನೆಯೂ ಆಡಳಿತವೂ ಇದ್ದರೆ, ಆ ಅಧಿಕಾರಕ್ಕೆ ತಲೆಬಾಗುವ ಪ್ರತಿಯೊಬ್ಬರ ಮತವೂ ಸಮತೂಕದ್ದಾಗಿರಬೇಕು.

ಆದರೆ ಸುಧಾರಣೆಗೂ ಒಂದು ಧರ್ಮವಿದೆ. ನೇರ ಚುನಾವಣೆಯ ತಿದ್ದುಪಡಿಯನ್ನು 1969ರಲ್ಲಿ ಅಲ್ಲಿನ ಕೆಳಮನೆ ಅಂಗೀಕರಿಸಿತಾದರೂ 1970ರಲ್ಲಿ ಅದು ಸೆನೆಟ್‌ನಲ್ಲಿ ನಿಂತುಹೋಯಿತು. ನಿಯಮ ಹಾಗೆಯೇ ಉಳಿಯಿತು. 2000ದ ಡಿಸೆಂಬರ್ 13ರಂದು, ಕೋರ್ಟಿನ ತೀರ್ಪು ತಮಗೆ ಸಮ್ಮತವಲ್ಲವೆನ್ನುತ್ತಲೇ ಗೋರ್ ಸೋಲೊಪ್ಪಿಕೊಂಡರು. ಕಲ್ಲು ತಪ್ಪಾಗಿದ್ದರೆ ತೂಗುವ ಮೊದಲೇ ಬದಲಿಸಬೇಕು. ತೂಗಿದ ಮೇಲೆ ತಕ್ಕಡಿಯನ್ನೇ ಮುರಿಯುವುದು ನ್ಯಾಯವಲ್ಲ.