ಯಮನ ಮನೆಯ ಅತಿಥಿ, ರೆಸಾರ್ಟಿನ ವೈಫೈ

ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಗೇಲಾರ್ಡ್ ಆಪ್ರಿಲ್ಯಾಂಡ್ ಎಂಬ ಭಾರೀ ರೆಸಾರ್ಟ್ ಇದೆ. ಸಮ್ಮೇಳನ, ವಸ್ತುಪ್ರದರ್ಶನಗಳಿಗೆ ಹೆಸರಾದ ಜಾಗ. ಅದನ್ನು ನಡೆಸುವ ಮ್ಯಾರಿಯಟ್ ಕಂಪನಿ 2014ರ ಅಕ್ಟೋಬರಿನಲ್ಲಿ ಅಲ್ಲಿನ ಕೇಂದ್ರ ಸಂಪರ್ಕ ಆಯೋಗಕ್ಕೆ 6 ಲಕ್ಷ ಡಾಲರ್ ದಂಡ ಕಟ್ಟಬೇಕಾಯಿತು. ಸಮ್ಮೇಳನಕ್ಕೆ ಬಂದವರು ತಮ್ಮದೇ ಹಾಟ್‌ಸ್ಪಾಟ್ ಹಾಕಿಕೊಂಡರೆ ರೆಸಾರ್ಟಿನ ಸಿಬ್ಬಂದಿ ಆ ಸಂಪರ್ಕವನ್ನು ತಂತ್ರಜ್ಞಾನ ಬಳಸಿ ಕಡಿದುಹಾಕುತ್ತಿದ್ದರು. ರೆಸಾರ್ಟಿನ ವೈಫೈ ಬೇಕೆಂದರೆ ಒಂದೊಂದು ಸಾಧನಕ್ಕೆ 250ರಿಂದ 1,000 ಡಾಲರ್‌ವರೆಗೆ ಶುಲ್ಕ ಕೊಡಬೇಕಿತ್ತು. ಇದೆಲ್ಲ ಭದ್ರತೆಗಾಗಿ ಎಂದು ಕಂಪನಿ ವಾದಿಸಿತು. ಟೀಕೆ ಜೋರಾದ ಮೇಲೆ, 2015ರ ಜನವರಿಯಲ್ಲಿ, ಅತಿಥಿಗಳ ಸ್ವಂತ ವೈಫೈಗೆ ಇನ್ನು ಅಡ್ಡಿ ಮಾಡುವುದಿಲ್ಲ ಎಂದು ಹೇಳಿತು.

ತನ್ನ ದೀಪಕ್ಕೆ ಬಾಡಿಗೆ ಕೇಳುವ ಛತ್ರದವನನ್ನು ಜಿಪುಣ ಎಂದು ಕರೆದು ಸುಮ್ಮನಾಗಬಹುದು. ಪ್ರಯಾಣಿಕ ಕೈಯಲ್ಲಿ ಹಿಡಿದು ತಂದ ದೀಪವನ್ನೇ ಊದಿ ಆರಿಸಿ, ಆಮೇಲೆ ಬಾಡಿಗೆ ಕೇಳಿದರೆ ಅದನ್ನು ಬರೀ ಜಿಪುಣತನ ಎನ್ನಲಾಗದು. ಅಲ್ಲಿ ಅತಿಥಿ ಎಂಬ ಸಂಬಂಧವೇ ಮುರಿದುಬಿದ್ದಿರುತ್ತದೆ. ಹಾಗಾಗಿ ರೆಸಾರ್ಟುಗಳು ಇಂಟರ್ನೆಟ್ಟನ್ನು ಉಚಿತವಾಗಿ ಕೊಡಬೇಕೇ ಎಂಬ ಪ್ರಶ್ನೆ ಸೌಲಭ್ಯಗಳ ಪಟ್ಟಿಗೆ ಮಾತ್ರ ಸೇರಿದ್ದಲ್ಲ. ತನ್ನ ಬಾಗಿಲಿಗೆ ಬಂದವನಿಗೆ ಮನುಷ್ಯ ಏನನ್ನು ಕೊಡಲೇಬೇಕು, ಯಾವುದಕ್ಕೆ ಬೆಲೆ ಕಟ್ಟಬಹುದು ಎಂಬುದು ಅದರ ಒಳಗಿರುವ ಪ್ರಶ್ನೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಗೋಕರ್ಣದ ಕಡೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಲ್ಲಿನ ಕಾಫಿ ತೋಟ, ಕಾಡಂಚು, ಕಡಲದಂಡೆಯ ರೆಸಾರ್ಟುಗಳಿಗೆ ಹೋಗುವವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ, ಅದರಲ್ಲೂ ವಾರವಿಡೀ ಪರದೆಯ ಮುಂದೆ ಕೂರುವ ಕೆಲಸದಿಂದ ಹೋದವರು. ದಣಿದು ಬಂದವರಿಗೆ ಮತ್ತದೇ ಪರದೆ ಕೊಡುವುದು ಉಪಕಾರವೋ ಅಪಕಾರವೋ? ಹೀಗೆ ಕೇಳುವ ಮಾಲೀಕರೂ ಇದ್ದಾರೆ, ಅತಿಥಿಗಳೂ ಇದ್ದಾರೆ.

ಅತಿಥಿಯ ವಿಚಾರದಲ್ಲಿ ಭಾರತೀಯ ಪರಂಪರೆಯ ಮಾತು ತೈತ್ತಿರೀಯ ಉಪನಿಷತ್ತಿನ ಬೋಧನೆಯಿಂದಲೇ ಶುರುವಾಗುವುದು ರೂಢಿ. ತಾಯಿ, ತಂದೆ, ಗುರುವಿನ ಸಾಲಿನಲ್ಲೇ ಅತಿಥಿಯನ್ನೂ ದೇವರೆಂದು ಕಾಣಬೇಕೆಂದು ಅದು ಹೇಳುತ್ತದೆ. ಆರನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿಯಲ್ಲೂ ಬಂದ ಪ್ರತಿಯೊಬ್ಬ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂಬ ವಿಧಿಯಿದೆ. ಆದರೆ ದೇವರಂತೆ ಕಂಡ ಮಾತ್ರಕ್ಕೆ ಏನು ಕೊಡಬೇಕು ಎಂಬುದು ತೀರ್ಮಾನವಾಗುವುದಿಲ್ಲ. ಅದಕ್ಕೆ ಕಠೋಪನಿಷತ್ತಿನ ಕಥೆ ಹೆಚ್ಚು ನೆರವಿಗೆ ಬರುತ್ತದೆ.

ಯಜ್ಞದಲ್ಲಿ ಕೈಲಾಗದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ಹುಡುಗ ನಚಿಕೇತ ಪ್ರಶ್ನಿಸುತ್ತಾನೆ. ಸಿಟ್ಟಿಗೆದ್ದ ತಂದೆ ಅವನನ್ನು ಮೃತ್ಯುವಿಗೇ ಕೊಟ್ಟೆ ಎನ್ನುತ್ತಾನೆ. ಹುಡುಗ ಯಮನ ಮನೆಗೆ ಹೋಗುತ್ತಾನೆ. ಯಮ ಮನೆಯಲ್ಲಿರುವುದಿಲ್ಲ. ಮೂರು ರಾತ್ರಿ ಅನ್ನವಿಲ್ಲದೆ ಬಾಗಿಲಲ್ಲಿ ಕಾಯುತ್ತಾನೆ. ಯಮ ಮರಳಿ ಬಂದಾಗ, ಅತಿಥಿ ಹಸಿದು ಕುಳಿತ ಮನೆಯ ಪುಣ್ಯ, ಸಂತಾನ, ಪಶುಸಂಪತ್ತು ಎಲ್ಲ ಹೋಗುತ್ತದೆ ಎಂಬ ಎಚ್ಚರಿಕೆಯ ಮಾತು ಕೇಳುತ್ತದೆ. ಯಮ ಹುಡುಗನಿಗೆ ನಮಸ್ಕರಿಸಿ, ಉಪವಾಸ ಕಳೆದ ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರ ಕೊಡುತ್ತಾನೆ. ಸಾವಿನ ಒಡೆಯನೂ ಇಲ್ಲಿ ಆತಿಥೇಯನಾಗಿ ಸಾಲಗಾರ.

ಈ ಕಥೆಯನ್ನು ಸಾಮಾನ್ಯವಾಗಿ ಮೂರನೆಯ ವರಕ್ಕಾಗಿ, ಸಾವಿನಾಚೆ ಏನಿದೆ ಎಂಬ ಆ ದೊಡ್ಡ ಪ್ರಶ್ನೆಗಾಗಿ ಓದುತ್ತಾರೆ. ಮೊದಲನೆಯದರ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಮೂರು ದಿನ ಹಸಿದ ಹುಡುಗ ಮೊದಲು ಊಟ ಕೇಳಲಿಲ್ಲ, ಜ್ಞಾನವನ್ನೂ ಕೇಳಲಿಲ್ಲ. ಮನೆಯಲ್ಲಿರುವ ಅಪ್ಪನ ಕಳವಳ ಇಳಿಯಲಿ, ಕೋಪ ಶಮನವಾಗಲಿ, ತಾನು ಹಿಂದಿರುಗಿದಾಗ ಅಪ್ಪ ತನ್ನನ್ನು ಗುರುತಿಸಿ ಮಾತಾಡಿಸಲಿ ಎಂದು ಕೇಳಿದ. ಇನ್ನು ಮುಂದೆ ನಿನ್ನ ತಂದೆ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡುತ್ತಾನೆ ಎಂದು ಯಮ ಭರವಸೆ ಕೊಟ್ಟ. ಪರವೂರಿನಲ್ಲಿರುವವನ ಮೊದಲ ಅಗತ್ಯ ಊರಿನವರ ನೆಮ್ಮದಿ ಎಂಬುದನ್ನು ಉಪನಿಷತ್ತು ಅಷ್ಟು ಹಿಂದೆಯೇ ಗುರುತಿಸಿದೆ.

ಮೂಡಿಗೆರೆ ಕಡೆಯ ಯಾವುದೇ ಎಸ್ಟೇಟ್ ರೆಸಾರ್ಟಿನ ರಿಸೆಪ್ಶನ್ ಎದುರು ಸಂಜೆ ಅರ್ಧ ಗಂಟೆ ನಿಂತರೂ ಅದು ಕಾಣುತ್ತದೆ. ಬಂದವರ ಕೈಗೆ ಕೋಕಂ ಶರಬತ್ತು ಬರುತ್ತದೆ, ಆಧಾರ್ ಕಾರ್ಡಿನ ಜೆರಾಕ್ಸ್ ಹೋಗುತ್ತದೆ, ರೂಮಿನ ಕೀ ಸಿಗುತ್ತದೆ. ತಕ್ಷಣ ಬರುವ ಪ್ರಶ್ನೆ: ವೈಫೈ ಪಾಸ್‌ವರ್ಡ್ ಏನು? ಹಾಗೆ ಕೇಳಿದವರಲ್ಲಿ ರೀಲ್ಸ್ ನೋಡುವವರು ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲೇ, ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ಬಂತೇ ಎಂದು ನೋಡಬೇಕಾದ ಮಗಳಿರುತ್ತಾಳೆ, ಸಿಇಟಿ ಸೀಟಿನ ಪಟ್ಟಿಗೆ ಕಾಯುವ ಹುಡುಗನಿರುತ್ತಾನೆ, ತಲುಪಿದೆವು ಎಂದು ವಿದೇಶದಲ್ಲಿರುವ ಮಗನಿಗೆ ವಾಟ್ಸ್ಆ್ಯಪ್ ಮಾಡಬೇಕಾದ ಹಿರಿಯರಿರುತ್ತಾರೆ. ಜೀಪಿನ ಡ್ರೈವರಿಗೆ ದುಡ್ಡು ಕೊಡುವುದೂ ಯುಪಿಐನಲ್ಲೇ. ರೆಸಾರ್ಟಿನ ಬಿಲ್ಲು ಕಟ್ಟಲಿಕ್ಕೂ ಇಂಟರ್ನೆಟ್ ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಒಳಗಿದ್ದವರಿಂದ ಒಂದು ಸುದ್ದಿ ಬಂದರೆ ಸಾಕೆಂದು ಹೊರಗಿನವರು ಕಾದದ್ದನ್ನು ಆ ಜಿಲ್ಲೆಯ ಜನ ಮರೆತಿಲ್ಲ.

ಕಾನೂನು ಈ ಅಗತ್ಯವನ್ನು ತನ್ನ ರೀತಿಯಲ್ಲಿ ಒಪ್ಪಿಕೊಂಡಿದೆ. ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧಿಸಿದ ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಇಂಟರ್ನೆಟ್ ಬಳಸುವ ಹಕ್ಕನ್ನು ಶಿಕ್ಷಣ ಮತ್ತು ಖಾಸಗಿತನದ ಹಕ್ಕುಗಳ ಭಾಗವೆಂದು ಎತ್ತಿಹಿಡಿಯಿತು. ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ, ಅಂತರ್ಜಾಲದ ಮೂಲಕ ಮಾತಾಡುವ, ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದಿತು. ಈ ತೀರ್ಪುಗಳು ರೆಸಾರ್ಟಿನ ಮಾಲೀಕನಿಗೆ ಬಿಟ್ಟಿ ವೈಫೈ ಕೊಡು ಎಂದು ಹೇಳುವುದಿಲ್ಲ. ಅಲ್ಲಿಂದ ಮುಂದಿನದು ಧರ್ಮದ ಮಾತು.

ಆದರೆ ರೆಸಾರ್ಟ್ ಧರ್ಮಛತ್ರವಲ್ಲ. ಧರ್ಮಸ್ಥಳದಲ್ಲೋ ಶೃಂಗೇರಿಯಲ್ಲೋ ಎಲೆಯ ಮುಂದೆ ಕೂತವರನ್ನು ಯಾರು, ಎಲ್ಲಿಯವರು ಎಂದು ಕೇಳದೆ ಬಡಿಸುತ್ತಾರೆ. ಬಸವಣ್ಣನವರ ಕಾಲದಿಂದ ಬಂದ ದಾಸೋಹದ ಕಲ್ಪನೆಯಲ್ಲಿ ಕೊಡುವವನು ತಾನು ಕೊಟ್ಟೆ ಎಂಬ ಹಮ್ಮನ್ನೂ ಬಿಡಬೇಕು. ರೆಸಾರ್ಟಿನಲ್ಲಿ ಒಂದು ರಾತ್ರಿಗೆ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ಹಾಗಿರುವಾಗ ‘ಉಚಿತ ವೈಫೈ’ ಎಂದು ಬೋರ್ಡಿನಲ್ಲಿ ಬರೆಯುವುದು ದಾನದ ವೇಷ ಹಾಕಿದಂತೆ. ಹಾಸಿಗೆ, ಬಿಸಿನೀರು, ಟವೆಲ್ಲುಗಳಂತೆ ಅದೂ ಬಾಡಿಗೆಯೊಳಗೇ ಸೇರಿದ್ದು ಎನ್ನುವುದು ಪ್ರಾಮಾಣಿಕ ಮಾತು.

ಭಗವದ್ಗೀತೆಯ 17ನೇ ಅಧ್ಯಾಯ ದಾನವನ್ನು ಮೂರಾಗಿ ವಿಂಗಡಿಸುತ್ತದೆ. ಪ್ರತಿಫಲ ಬಯಸದೆ ಕೊಟ್ಟದ್ದು ಸಾತ್ವಿಕ, ಮರಳಿ ಏನೋ ಬರಲಿ ಎಂದು ಕೊಟ್ಟದ್ದು ರಾಜಸ, ತಿರಸ್ಕಾರದಿಂದ ಎಸೆದದ್ದು ತಾಮಸ. ಅತಿಥಿಯ ಮೊಬೈಲ್ ನಂಬರು ಪಡೆದು, ಆಮೇಲೆ ತಿಂಗಳುಗಟ್ಟಲೆ ಜಾಹೀರಾತಿನ ಮೆಸೇಜ್ ಕಳಿಸುವ ‘ಉಚಿತ’ ವೈಫೈ ಎರಡನೆಯ ಬಗೆಯದು. ಗುರುತಿನ ದಾಖಲೆಗಾಗಿ ನಂಬರು ಪಡೆಯುವುದು ಬೇರೆ, ಅದನ್ನು ವ್ಯಾಪಾರಕ್ಕೆ ಬಳಸುವುದು ಬೇರೆ. ಮ್ಯಾರಿಯಟ್ 2015ರಲ್ಲಿ ವೈಫೈ ಉಚಿತ ಮಾಡಿದಾಗಲೂ ಅದು ತನ್ನ ಸದಸ್ಯತ್ವ ಪಡೆದು ನೇರವಾಗಿ ಬುಕ್ ಮಾಡಿದವರಿಗೆ ಮಾತ್ರ ಇತ್ತು. ಅದೇ ವರ್ಷ ಹಯಾತ್ ಕಂಪನಿ ಯಾವ ಷರತ್ತೂ ಇಲ್ಲದೆ ಎಲ್ಲ ಅತಿಥಿಗಳಿಗೂ ಕೊಟ್ಟಿತು. ಎರಡೂ ವ್ಯಾಪಾರವೇ. ಆದರೂ ಒಂದು ಕಡೆ ಅತಿಥಿಗಳಲ್ಲಿ ಪಂಕ್ತಿಭೇದವಿದೆ, ಇನ್ನೊಂದು ಕಡೆ ಇಲ್ಲ.

ಇನ್ನೂ ಕೆಟ್ಟ ಪದ್ಧತಿ ಅಮೆರಿಕದ ‘ರೆಸಾರ್ಟ್ ಫೀ’. ಬುಕ್ ಮಾಡುವಾಗ ಒಂದು ದರ ತೋರಿಸಿ, ಕೊನೆಗೆ ಈಜುಕೊಳ, ಜಿಮ್, ಇಂಟರ್ನೆಟ್ ಎಂದು ಕಡ್ಡಾಯ ಶುಲ್ಕ ಸೇರಿಸುವುದು ಅದರ ರೀತಿಯಾಗಿತ್ತು. ಈಜಲು ಬಾರದವನೂ ಕೊಡಬೇಕಿತ್ತು. ಎಲ್ಲ ಕಡ್ಡಾಯ ಶುಲ್ಕಗಳನ್ನೂ ಮೊದಲು ತೋರಿಸುವ ದರದಲ್ಲೇ ಸೇರಿಸಬೇಕೆಂಬ ಕೇಂದ್ರ ನಿಯಮ ಅಲ್ಲಿ 2025ರ ಮೇ 12ರಿಂದ ಜಾರಿಗೆ ಬಂತು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ, ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದು ಎಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬಂದವನಿಗೆ ಲೆಕ್ಕ ಮೊದಲೇ ಗೊತ್ತಿರಬೇಕು ಎಂಬ ಸಾದಾ ನ್ಯಾಯ ಈ ಎರಡಕ್ಕೂ ಆಧಾರ.

ಇನ್ನು ಮೌನದ ಪಕ್ಷದವರ ಮಾತು. ಅದರಲ್ಲಿ ತೂಕವಿದೆ. ಪತಂಜಲಿಯ ಅಷ್ಟಾಂಗ ಯೋಗದಲ್ಲಿ ಐದನೆಯದಾದ ಪ್ರತ್ಯಾಹಾರ ಎಂದರೆ ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುವುದು. ಕಿಸೆಯಲ್ಲಿ ಸದಾ ಟಿಣ್ ಎನ್ನುವ ಫೋನ್ ಇಟ್ಟುಕೊಂಡು ಅದು ಕಷ್ಟ. ಲೇಖಕ ಪಿಕೊ ಅಯ್ಯರ್ ಹೊಸ ವರ್ಷ 2012 ಕಾಲಿಡುವ ಹೊತ್ತಿಗೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಪ್ರಬಂಧದಲ್ಲಿ, ಕ್ಯಾಲಿಫೋರ್ನಿಯಾದ ಬಿಗ್ ಸರ್ ಎಂಬಲ್ಲಿನ ಪೋಸ್ಟ್ ರಾಂಚ್ ಇನ್‌ನ ಉದಾಹರಣೆ ಕೊಟ್ಟಿದ್ದರು. ಕಡಲ ಮೇಲಿನ ಬಂಡೆಯ ತುದಿಯಲ್ಲಿರುವ ಅಲ್ಲಿನ ಕೋಣೆಗೆ ಜನ ರಾತ್ರಿಯೊಂದಕ್ಕೆ 2,285 ಡಾಲರ್ ಕೊಡುತ್ತಿದ್ದರು. ಕೋಣೆಯಲ್ಲಿ ಟಿವಿ ಇಲ್ಲದಿರುವುದೂ ಆ ಹಣಕ್ಕೆ ಸಿಗುವ ಸುಖಗಳಲ್ಲಿ ಒಂದಾಗಿತ್ತು. ನಿಶ್ಶಬ್ದ ದುಬಾರಿಯಾಗುವ ಕಾಲ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ.

ಮಹಾರಾಷ್ಟ್ರದ ಇಗತ್‌ಪುರಿಯಲ್ಲಿರುವ ವಿಪಶ್ಯನಾ ಧ್ಯಾನ ಕೇಂದ್ರದಲ್ಲಿ ಫೋನೂ ಇಲ್ಲ. ಸತ್ಯನಾರಾಯಣ ಗೋಯಂಕಾ ಅವರು ಕಟ್ಟಿದ ಆ ಪರಂಪರೆಯಲ್ಲಿ ಹತ್ತು ದಿನದ ಶಿಬಿರಕ್ಕೆ ಶುಲ್ಕವಿಲ್ಲ, ಊಟ ವಸತಿಗೂ ಇಲ್ಲ. ಮೊದಲ ದಿನವೇ ಫೋನ್ ಒಪ್ಪಿಸಿ, ಮಾತು ಬಿಟ್ಟು, ಕೂರಬೇಕು. ಅಲ್ಲಿಗೆ ಹೋಗುವವರು ನಿಯಮಗಳನ್ನು ಮೊದಲೇ ಓದಿ, ಒಪ್ಪಿ, ಮನೆಯವರಿಗೆ ಹತ್ತು ದಿನ ಸಿಗುವುದಿಲ್ಲ ಎಂದು ಹೇಳಿಯೇ ಹೊರಟಿರುತ್ತಾರೆ. ಆ ಮೌನ ಅವರು ತೊಟ್ಟ ವ್ರತ. ರೆಸಾರ್ಟಿನ ಮಾಲೀಕ ಇಂಟರ್ನೆಟ್ಟಿನ ಖರ್ಚು ಉಳಿಸಿ, ಪ್ರಕೃತಿಯ ಜೊತೆ ಇರಿ ಎಂದು ಉಪದೇಶ ಮಾಡಿದರೆ ಅದು ವ್ರತವಾಗುವುದಿಲ್ಲ. ಏಕಾದಶಿ ಎಂದು ಅತಿಥಿಗೆ ತಿಳಿಸದೆ ಅನ್ನ ಇಕ್ಕದೇ ಇರುವುದನ್ನು ಯಾವ ಶಾಸ್ತ್ರವೂ ಉಪವಾಸ ಎನ್ನುವುದಿಲ್ಲ.

ಯಮನ ಮನೆಯ ಉಳಿದ ಕಥೆ ಇಲ್ಲಿ ಮುಖ್ಯವಾಗುತ್ತದೆ. ಮೂರನೆಯ ವರ ಬಿಡಿಸಲು ಯಮ ಹುಡುಗನ ಮುಂದೆ ಏನೆಲ್ಲ ಇಡುತ್ತಾನೆ! ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ, ಕುದುರೆ, ಚಿನ್ನ, ವಿಶಾಲವಾದ ಭೂಮಿ, ಬೇಕಾದಷ್ಟು ಆಯುಸ್ಸು, ರಥವೇರಿ ವಾದ್ಯ ನುಡಿಸುವ ಸುಂದರಿಯರು. ನಚಿಕೇತ ಎಲ್ಲವನ್ನೂ ಬೇಡವೆನ್ನುತ್ತಾನೆ. ಅವನ ವೈರಾಗ್ಯಕ್ಕೆ ಬೆಲೆ ಬಂದದ್ದು ಅವೆಲ್ಲ ಅವನ ಕೈಗೆ ಸಿಗುವಂತಿದ್ದುದರಿಂದ. ಯಮ ಅವುಗಳನ್ನು ಮೊದಲೇ ಬಚ್ಚಿಟ್ಟಿದ್ದರೆ ನಚಿಕೇತ ತ್ಯಾಗಿಯಾಗುತ್ತಿರಲಿಲ್ಲ. ಆದ್ದರಿಂದ ಆತಿಥೇಯನ ಪಾಲಿನದು ಕೊಡುವುದು, ಬೇಡ ಎನ್ನುವ ಹಕ್ಕು ಅತಿಥಿಯದು. ಅತಿಥಿಯ ಪರವಾಗಿ ತಾನೇ ತ್ಯಾಗ ಮಾಡುವ ಅಧಿಕಾರ ರೆಸಾರ್ಟಿಗಿಲ್ಲ.

ಹಾಗೆಂದು ಕಾಡಿನ ನಡುವಿನ ಪ್ರತಿ ಗುಡಿಸಲಿಗೂ ವೈಫೈ ಎಳೆಯಲೇಬೇಕು ಎಂದಲ್ಲ. ಪಶ್ಚಿಮಘಟ್ಟದ ಮಳೆಗಾಲದಲ್ಲಿ ಮರ ಬಿದ್ದರೆ ಕೇಬಲ್ ಕಡಿಯುತ್ತದೆ, ಕರೆಂಟು ಹೋಗುತ್ತದೆ, ದಪ್ಪ ಕಲ್ಲಿನ ಗೋಡೆಯೊಳಗೆ ಸಿಗ್ನಲ್ ನುಗ್ಗುವುದಿಲ್ಲ. ನಮ್ಮಲ್ಲಿ ಇಂಟರ್ನೆಟ್ ಇಲ್ಲ, ತುರ್ತಿಗೆ ಒಂದು ಲ್ಯಾಂಡ್‌ಲೈನ್ ಇದೆ ಎಂದು ಬುಕಿಂಗ್ ಹೊತ್ತಿನಲ್ಲೇ ಹೇಳುವ ರೆಸಾರ್ಟ್ ಯಾರಿಗೂ ಮೋಸ ಮಾಡುತ್ತಿಲ್ಲ. ಅಲ್ಲಿಗೆ ಹೋಗುವವರು ಆ ಮೌನವನ್ನು ಆರಿಸಿಕೊಂಡೇ ಹೋಗುತ್ತಾರೆ. ಇಂಟರ್ನೆಟ್ ಇರುವ ಕಡೆಯೂ ಊಟದ ಹಾಲ್, ಬೆಂಕಿ ಹಾಕಿ ಕೂರುವ ಅಂಗಳ, ಹಕ್ಕಿ ನೋಡುವ ಜಾಗಗಳನ್ನು ಹೊರಗಿಟ್ಟು ರೂಮು ಮತ್ತು ರಿಸೆಪ್ಶನ್‌ಗೆ ಸೀಮಿತಗೊಳಿಸಬಹುದು. ಸ್ಪೀಕರ್ ಹಾಕಿ ವಿಡಿಯೊ ನೋಡುವುದನ್ನು ಎಲ್ಲೆಡೆ ತಡೆಯಬಹುದು, ತಡೆಯಲೂಬೇಕು. ಪಕ್ಕದ ರೂಮಿನವನೂ ಅತಿಥಿಯೇ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ನೆನೆಯದ ಒಂದು ಗುಂಪಿದೆ. ಮಲೆನಾಡಿನ ರೆಸಾರ್ಟುಗಳಲ್ಲಿ ರೂಮು ಒರೆಸುವ, ಪಾತ್ರೆ ತೊಳೆಯುವ, ತಟ್ಟೆ ಇಡುವ ಹುಡುಗರಲ್ಲಿ ಅಸ್ಸಾಂ, ಒಡಿಶಾ, ಜಾರ್ಖಂಡ್ ಕಡೆಯವರು ಎಷ್ಟೋ ಮಂದಿ. ಅತಿಥಿಗೆ ಕೊಟ್ಟ ಪಾಸ್‌ವರ್ಡ್ ಅವರಿಗೆ ಕೊಡದ ಜಾಗಗಳಿವೆ. ರಾತ್ರಿ ಕೆಲಸ ಮುಗಿದ ಮೇಲೆ ಅಡುಗೆಮನೆಯ ಹಿಂದೆ ನೀರಿನ ಟ್ಯಾಂಕಿನ ಪಕ್ಕ, ಒಂದು ಕಡ್ಡಿ ಸಿಗ್ನಲ್ ಸಿಗುವ ಕಲ್ಲಿನ ಮೇಲೆ ಹತ್ತಿ, ಫೋನ್ ಎತ್ತಿ ಹಿಡಿದು, ಊರಿನ ಮಗುವಿನ ಮುಖ ಕಾಣಲಿ ಎಂದು ಕಾಯುತ್ತಾರೆ. ಎರಡು ದಿನಕ್ಕೆ ಬಂದ ಅತಿಥಿ ಮೂರನೆಯ ದಿನ ಮನೆ ಸೇರುತ್ತಾನೆ. ಅವರು ಮನೆ ಬಿಟ್ಟು ತಿಂಗಳುಗಳಾಗಿರುತ್ತವೆ. ನಚಿಕೇತ ಮೊದಲು ಕೇಳಿದ ವರ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅವರಿಗೆ.

ರೆಸಾರ್ಟ್ ನಡೆಸುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಇಂಟರ್ನೆಟ್ ಇದ್ದರೆ ಅದನ್ನು ರೂಮಿನ ದರದಲ್ಲೇ ಸೇರಿಸಿ, ಎಲ್ಲ ಅತಿಥಿಗಳಿಗೂ ಒಂದೇ ರೀತಿ ಕೊಡಲಿ. ಇಲ್ಲದಿದ್ದರೆ ದರಪಟ್ಟಿಯಲ್ಲೇ ಸ್ಪಷ್ಟವಾಗಿ ಬರೆಯಲಿ. ಪಡೆದ ಫೋನ್ ನಂಬರನ್ನು ಜಾಹೀರಾತಿಗೆ ಬಳಸದಿರಲಿ. ಸಿಬ್ಬಂದಿಯ ಕೋಣೆಗಳಿಗೂ ಅದೇ ಸಂಪರ್ಕ ತಲುಪಿಸಲಿ. ಓದುಗರೂ ಮುಂದಿನ ಸಲ ಬುಕ್ ಮಾಡುವಾಗ ವೈಫೈ ಇದೆಯೇ ಎಂದು ಕೇಳುವುದರ ಜೊತೆಗೆ, ಕೆಲಸದವರಿಗೂ ಕೊಡುತ್ತೀರಾ ಎಂದು ಒಂದು ಮಾತು ಕೇಳಬೇಕು. ದುಡ್ಡು ಕೊಡುವವರು ಕೇಳಿದರೆ ಮಾಲೀಕರು ಕಿವಿಗೊಡುತ್ತಾರೆ.