ಕತ್ತರಿ ಹಿಡಿದವಳ ಪ್ರಶ್ನೆ

ಎಡಿಟಿಂಗ್ ಕಲಿಯುತ್ತಿರುವ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ: ಒಂದು ಸುಳ್ಳನ್ನೂ ಹೇಳದೆ ಸುಳ್ಳಾಡಬಹುದೇ?

1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರಂತೆ. ನೋಡಿದವರಿಗೆ ಅಲ್ಲಿ ಹಸಿವೂ ಕಂಡಿತಂತೆ, ದುಃಖವೂ ಕಂಡಿತಂತೆ.

ಸಾಕ್ಷ್ಯಚಿತ್ರಕ್ಕಾಗಿ ಬಂಟ್ವಾಳದ ಕಡೆಯ, ಬೀಡಿ ಕಟ್ಟುವ ಅಜ್ಜಿಯೊಬ್ಬರನ್ನು ಮಾತಾಡಿಸಿದ್ದೆ. "ನಿಮ್ಮ ಯಜಮಾನರು ಹೇಗಿದ್ದರು ಅಜ್ಜಿ?" ಬಹಳ ಹೊತ್ತು ಸುಮ್ಮನಿದ್ದು, "ಒಳ್ಳೆಯವರೇ" ಎಂದರು. ಆ ಮೌನವನ್ನು ಕತ್ತರಿಸಿದರೆ ಒಂದಕ್ಷರವೂ ಬದಲಾಗದು, ಉತ್ತರವೇ ಬದಲಾದೀತು. ಉಳಿಸಿದರೋ, ಮನೆಯೊಳಗಿನದನ್ನು ಊರಿಗೆ ತೋರಿಸಿದಂತೆ.

ಹಾಗಾದರೆ ಮೊದಲು ಅವರಿಗೇ ತೋರಿಸಿ ಕೇಳಬೇಕು. ಬೇಡವೆಂದರೆ ಮೌನವನ್ನಷ್ಟೇ ಅಲ್ಲ, ಪ್ರಶ್ನೆ, ಉತ್ತರ ಎರಡನ್ನೂ ತೆಗೆಯಬೇಕು. ಚಿತ್ರ ಒಂದು ನಿಮಿಷ ಚಿಕ್ಕದಾದೀತು. ಆಗಲಿ ಬಿಡಿ.