ಹತ್ತನೆಯವನು

ರಾಗಿಯ ಕಣದಲ್ಲಿ ರಾಶಿಯನ್ನು ಅಳೆಯುವಾಗ ನಮ್ಮ ಹಿಂದಿನ ರೈತರು ಮೊದಲನೆಯ ಕೊಳಗವನ್ನು ‘ಒಂದು’ ಎಂದು ಎಣಿಸುತ್ತಿರಲಿಲ್ಲ. ‘ಲಾಭ’ ಎಂದು ಉಚ್ಚರಿಸಿ, ಆಮೇಲೆ ‘ಎರಡು’ ಎನ್ನುತ್ತಿದ್ದರು. ರಾಶಿಗೆ ಪೂಜೆಯಾಗದೆ ಕೊಳಗವು ಅದನ್ನು ಮುಟ್ಟುತ್ತಿರಲಿಲ್ಲ. ಕಣದೊಳಗೆ ಕಾಲಿಡುವವನು ಕೆರವನ್ನು ಹೊರಗೆ ಬಿಟ್ಟು ಬರುತ್ತಿದ್ದನು. ಇದನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದು ಸುಲಭ. ಆದರೆ ವರ್ಷದ ದುಡಿಮೆಯೂ ಮಳೆಯ ಕೃಪೆಯೂ ಸೇರಿ ಆದ ಆ ರಾಶಿಯನ್ನು ಅಂಕಿಗೆ ಇಳಿಸುವ ಕ್ಷಣವು ಲಘುವಾದುದಲ್ಲವೆಂದೂ, ಎಣಿಸಲ್ಪಡುವ ವಸ್ತುವಿಗೂ ಎಣಿಸುವ ಮನುಷ್ಯನಿಗೂ ನಡುವೆ ಒಂದು ಸಂಬಂಧವು ಆಗ ಏರ್ಪಡುವುದೆಂದೂ, ಆ ಸಂಬಂಧಕ್ಕೆ ತಕ್ಕ ವಿನಯವು ಎಣಿಸುವವನಲ್ಲಿ ಇರತಕ್ಕದ್ದೆಂದೂ ಅವರು ತಿಳಿದಿದ್ದರೆಂಬುದು ನನ್ನ ಭಾವನೆ.

ಈ ಕಾಲದ ನಮ್ಮ ಮಕ್ಕಳು ಎಣಿಸಹೊರಟಿರುವುದು ರಾಗಿಯನ್ನಲ್ಲ, ಊರನ್ನೇ. 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ನಾಡಿನಲ್ಲಿ ಅದರ ಭಾರವನ್ನು ಹೊತ್ತುಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದವರೆಗಿನ ಮಕ್ಕಳು ಸಣ್ಣ ತಂಡವನ್ನು ಕಟ್ಟಿಕೊಂಡು, ಒಬ್ಬ ಮಾರ್ಗದರ್ಶಿ ಶಿಕ್ಷಕರ ಆಶ್ರಯದಲ್ಲಿ ತಮ್ಮ ಊರಿನದೇ ಆದ ಒಂದು ಸಮಸ್ಯೆಯನ್ನು ಆರಿಸಿ, ಮನೆಮನೆಗೆ ಹೋಗಿ ಕೇಳಿ, ಅಳೆದು, ಬರೆದು, ಬಂದ ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸಿ, ಅವುಗಳಿಂದ ಹೊರಡುವ ನಿರ್ಣಯವನ್ನು ತಮ್ಮ ಭಾಷೆಯಲ್ಲಿಯೇ ತೀರ್ಪುಗಾರರ ಮುಂದೆ ಮಂಡಿಸಬೇಕು. ಜಿಲ್ಲೆಯಲ್ಲಿ ಆಯ್ಕೆಯಾದವರು ರಾಜ್ಯಮಟ್ಟಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಇದು ಸ್ಪರ್ಧೆಯೂ ಹೌದು, ವಿದ್ಯೆಯೂ ಹೌದು. ಆದರೆ ನನ್ನ ಮನಸ್ಸನ್ನು ಹಿಡಿದಿರುವುದು ಇವೆರಡಕ್ಕೂ ಹಿಂದೆ ನಿಂತಿರುವ ಮತ್ತೊಂದು ಪ್ರಶ್ನೆ. ನೆರೆಯವನ ಕಷ್ಟವನ್ನು ಎಣಿಸಿದವನು ಅದನ್ನು ಅರಿತವನಾದನೆ? ಅರಿತವನಾದರೆ, ಆ ಅರಿವು ಅವನ ಮೇಲೆ ಯಾವ ಋಣವನ್ನು ಹೊರಿಸುತ್ತದೆ?

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯ ಯಾವುದಾದರೊಂದು ಊರನ್ನು ಕಣ್ಣೆದುರಿಗೆ ತಂದುಕೊಳ್ಳೋಣ. ನಂದಿಯ ಗಿರಿಪಂಕ್ತಿಯಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಘ್ನಿಗಳು ಹುಟ್ಟುವುವೆಂಬ ಕೀರ್ತಿ ಈ ಸೀಮೆಗೆ ಉಂಟು. ವರ್ಷವಿಡೀ ಹರಿಯುವ ನದಿ ಮಾತ್ರ ಒಂದೂ ಇಲ್ಲ. ಕೆರೆಯನ್ನೂ ತೆರೆದ ಬಾವಿಯನ್ನೂ ನಂಬಿ ಬಾಳಿದ ಊರುಗಳು ಈಗ ಕೊಳವೆಬಾವಿಯನ್ನು ನಂಬಿವೆ, ಅವು 1,000 ಅಡಿಯನ್ನು ದಾಟಿ ಇಳಿದಿರುವುದೂ ಇಲ್ಲಿ ಅಪರೂಪವಲ್ಲ. ಕಲ್ಲಿನ ಒಡಲಿನಿಂದ ಬಂದ ಆ ನೀರು ಹಲವೆಡೆ ಫ್ಲೋರೈಡನ್ನೂ ಹೊತ್ತು ತರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದೆಂದೂ, ಬೇರೆ ನೀರೇ ಸಿಗದೆಡೆಯಲ್ಲಿ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ.

ಇಂಥ ಊರಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಗೆರೆ ಹಾಕಿದ ನೋಟುಪುಸ್ತಕವನ್ನು ಎದೆಗವಚಿಕೊಂಡು ಒಂದು ಜಗುಲಿಯ ಮುಂದೆ ನಿಂತಿದ್ದಾಳೆಂದು ಭಾವಿಸೋಣ. ಈ ಸೀಮೆಯ ಬಹು ಮನೆಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಆದುದರಿಂದ ಕನ್ನಡದಲ್ಲಿ ಬರೆದು ತಂದ ಪ್ರಶ್ನೆಯನ್ನು ಅವಳು ತೆಲುಗಿನಲ್ಲಿ ಕೇಳಿ, ತೆಲುಗಿನಲ್ಲಿ ಬಂದ ಉತ್ತರವನ್ನು ಕನ್ನಡದಲ್ಲಿ ಬರೆದುಕೊಳ್ಳಬೇಕು. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು ಅಜ್ಜೀ, ಎಂದು ಅವಳು ಕೇಳುತ್ತಾಳೆ. ಮೊರದಲ್ಲಿ ರಾಗಿಯನ್ನು ಕೇರುತ್ತಿದ್ದ ಅಜ್ಜಿ ಕೈಯನ್ನು ನಿಲ್ಲಿಸಿ, “ನೀರು ಬಿಟ್ಟ ದಿನವೋ, ಬಿಡದ ದಿನವೋ, ಮಗಳೆ?” ಎಂದು ಮರುಪ್ರಶ್ನೆ ಹಾಕುತ್ತಾಳೆ. ಹುಡುಗಿಯ ಕೋಷ್ಟಕದಲ್ಲಿ ಅದಕ್ಕಿರುವುದು ಒಂದೇ ಅಂಕಣ. ಅವಳು ಒಂದು ಗಳಿಗೆ ಸುಮ್ಮನೆ ನಿಂತು, ಜಗುಲಿಯ ಕಂಬಕ್ಕೆ ಪುಸ್ತಕವನ್ನು ಒತ್ತಿಟ್ಟು, ಪೆನ್ಸಿಲಿನಿಂದ ಇನ್ನೊಂದು ಗೆರೆಯನ್ನು ಎಳೆಯುತ್ತಾಳೆ. ಅವಳ ನಿಜವಾದ ವಿದ್ಯಾಭ್ಯಾಸವು ಮೊದಲಾಗುವುದು ಆ ಗೆರೆಯಿಂದ. ತಾನು ಕೇಳಹೊರಟದ್ದಕ್ಕಿಂತ ಲೋಕವು ದೊಡ್ಡದೆಂಬುದು ಅವಳಿಗೆ ತಿಳಿಯಿತು. ಉತ್ತರವನ್ನು ಒಪ್ಪಿಕೊಳ್ಳಲೋಸುಗ ಪ್ರಶ್ನೆಯನ್ನೇ ತಿದ್ದಿಕೊಳ್ಳುವ ಔದಾರ್ಯವೂ ಅವಳಿಗೆ ಬಂದಿತು.

‘ಸಂಖ್ಯಾ’ ಎಂಬ ಶಬ್ದಕ್ಕೆ ಎಣಿಕೆಯೆಂಬ ಅರ್ಥವೂ ವಿವೇಚನೆಯೆಂಬ ಅರ್ಥವೂ ನಮ್ಮ ಹಿರಿಯರಲ್ಲಿ ಒಟ್ಟಿಗೆ ಇದ್ದುವು. ಪ್ರಶಾಂತಚಂದ್ರ ಮಹಾಲನೋಬಿಸರು 1933ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರದ ಪತ್ರಿಕೆಗೆ ಇದೇ ಹೆಸರನ್ನಿಟ್ಟುದು ಈ ಎರಡರ್ಥವನ್ನು ಬಲ್ಲವರಾಗಿಯೇ. ಕಪಿಲರ ಹೆಸರಿನಲ್ಲಿ ಪ್ರಸಿದ್ಧವಾದ ಸಾಂಖ್ಯದರ್ಶನವು ಜಗತ್ತಿನ ತತ್ತ್ವಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ, ಪ್ರಕೃತಿ ಮೊದಲುಗೊಂಡು ಪಂಚಭೂತಗಳವರೆಗೆ ಇಪ್ಪತ್ತನಾಲ್ಕನ್ನು ಹೇಳಿ, ಇಪ್ಪತ್ತೈದನೆಯದಾಗಿ ಪುರುಷನನ್ನು, ಎಂದರೆ ಇವೆಲ್ಲವನ್ನೂ ನೋಡುವ ಸಾಕ್ಷಿಯನ್ನು, ನಿಲ್ಲಿಸುತ್ತದೆ. ಎಣಿಕೆಯು ನೋಡುವವನನ್ನು ಮುಟ್ಟಿದಾಗಲೇ ಪೂರ್ಣವಾಗುವುದೆಂಬ ಈ ವಿಚಾರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಅಂಕಿಗಳು ಕೈಗೆ ಬಂದ ಮೇಲೆ ಅವುಗಳಿಂದ ನಿರ್ಣಯವನ್ನು ತೆಗೆಯುವುದು ಇನ್ನೂ ಕಷ್ಟದ ಕೆಲಸ. ಊರಿನಲ್ಲಿ ಈಗ ಶುದ್ಧ ನೀರಿನ ಘಟಕವಿದೆ. ನಾಣ್ಯವನ್ನು ಹಾಕಿ 20 ಲೀಟರಿನ ಕ್ಯಾನನ್ನು ತುಂಬಿಸಿಕೊಂಡು ಬರುತ್ತಾರೆ. ಫಿಲ್ಟರ್ ನೀರು ಕುಡಿದರೆ ಕೀಲುನೋವು ಬರುತ್ತದೆಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಹುಡುಗಿಯ ಕೋಷ್ಟಕದಲ್ಲಿಯೂ ಫಿಲ್ಟರ್ ನೀರು ಕುಡಿಯುವವರಲ್ಲೇ ಮಂಡಿನೋವು ಹೆಚ್ಚಾಗಿ ಕಂಡಿತೆಂದು ಇಟ್ಟುಕೊಳ್ಳೋಣ. ಹಾಗಾದರೆ ಊರಿನ ಮಾತೇ ದಿಟವಾಯಿತೆ? ನಮ್ಮ ನೈಯಾಯಿಕರು ಇಂಥ ಪ್ರಮಾದವನ್ನು ಬಹುಕಾಲದ ಹಿಂದೆಯೇ ಕಂಡು, ಅದಕ್ಕೆ ‘ಉಪಾಧಿ’ ಎಂದು ಹೆಸರಿಟ್ಟರು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ತಪ್ಪು, ಏಕೆಂದರೆ ಹೊಗೆಯನ್ನು ಎಬ್ಬಿಸಿದ್ದು ಹಸಿಯ ಸೌದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗೆಯೇ ಇಲ್ಲಿ ಮಂಡಿನೋವಿನವರು ಮುಪ್ಪಿನವರಿರಬಹುದು. ಹತ್ತಾರು ವರ್ಷ ಕೊಳವೆಬಾವಿಯ ನೀರನ್ನೇ ಕುಡಿದು, ನೋವು ಬಂದ ಮೇಲೆ ಫಿಲ್ಟರ್ ನೀರಿಗೆ ತಿರುಗಿದವರಿರಬಹುದು. ಅಂಥಲ್ಲಿ ನೋವು ಮೊದಲು ಬಂದಿತು, ನೀರು ಆಮೇಲೆ ಬದಲಾಯಿತು. ‘ಇಲ್ಲಿ ಹಸಿಯ ಸೌದೆ ಯಾವುದು?’ ಎಂದು ಕೇಳಿಕೊಳ್ಳಲು ಬಾರದವನಿಗೆ ಸಾವಿರ ಮನೆಯ ಲೆಕ್ಕವೂ ಭ್ರಾಂತಿಯನ್ನೇ ಬೆಳೆಸುತ್ತದೆ. ಆ ಭ್ರಾಂತಿಯನ್ನು ನಂಬಿ ಒಬ್ಬ ತಾಯಿ ಮಗುವಿಗೆ ಒಳ್ಳೆಯ ನೀರನ್ನು ನಿಲ್ಲಿಸಿದರೆ, ಅದರ ಪಾಪವು ಲೆಕ್ಕ ಬರೆದವನಿಗೂ ತಟ್ಟುತ್ತದೆ.

ಕಂಡದ್ದರಂತೆಯೇ ಕಾಣದುದೂ ಅರಿವಿಗೆ ದ್ವಾರವೆಂದು ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಒಪ್ಪಿ, ಅದನ್ನು ‘ಅನುಪಲಬ್ಧಿ’ ಎಂಬ ಆರನೆಯ ಪ್ರಮಾಣವನ್ನಾಗಿ ಎಣಿಸಿದರು. ಆದರೆ ಅದಕ್ಕೊಂದು ಕಟ್ಟನ್ನೂ ವಿಧಿಸಿದರು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಇದ್ದಿದ್ದರೆ ಕಂಡೇ ತೀರುತ್ತಿತ್ತೆಂಬ ಯೋಗ್ಯತೆಯುಳ್ಳ ಅಭಾವವೇ ಪ್ರಮಾಣ. ಬಾಲ್ಯದಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಫ್ಲೋರೈಡಿನ ನೀರನ್ನು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಒಳ್ಳೆಯ ನೀರಿನ ಊರಿನಲ್ಲಿ ಬೆಳೆದು ಇಲ್ಲಿಗೆ ಸೊಸೆಯಾಗಿ ಬಂದವಳ ಹಲ್ಲಿನ ಮೇಲೆ ಅದು ಮೂಡುವುದಿಲ್ಲ. ಅವಳ ಬಿಳಿಯ ಹಲ್ಲನ್ನು ನೋಡಿ ‘ನೀರು ಒಳ್ಳೆಯದು’ ಎಂದು ಬರೆದರೆ, ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿದಂತಾಯಿತು. ಬೀಗ ಹಾಕಿದ ಮನೆಯ ಮುಂದಿನ ಖಾಲಿ ಅಂಕಣವೂ ಸೊನ್ನೆಯಲ್ಲ. ಕೂಲಿಗಾಗಿ ಬೆಂಗಳೂರಿಗೆ ಹೋಗಿರುವ ಆ ಮನೆಯವರೇ ಊರಿನ ಕಷ್ಟವನ್ನು ಎಲ್ಲರಿಗಿಂತ ಹೆಚ್ಚಾಗಿ ಉಂಡವರಾಗಿರಬಹುದು.

ಈ ಪ್ರಮಾಣದ ಘೋರವಾದ ಉದಾಹರಣೆಯೊಂದು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಸುಮಾರು 50 ಲಕ್ಷವಿದ್ದಿತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ನಡುವೆ ಬಂದುಹೋದದ್ದು 1876ರಿಂದ 78ರವರೆಗಿನ ಮಹಾಕ್ಷಾಮ. ಅಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಪ್ರದೇಶವು ಕೋಲಾರ ಜಿಲ್ಲೆಗೆ ಸೇರಿದ್ದಿತು. ಆ ಜಿಲ್ಲೆಯೂ ಕ್ಷಾಮದಲ್ಲಿ ಬಹಳವಾಗಿ ನೊಂದಿತು. ದಾರಿಯ ಬದಿಯಲ್ಲಿ ಬಿದ್ದವರೆಲ್ಲರನ್ನೂ ಹೆಸರು ಹಿಡಿದು ಬರೆದುಕೊಂಡವರಿಲ್ಲ. ಹತ್ತು ವರ್ಷದ ಹಿಂದೆ ಅದೇ ನೆಲದಲ್ಲಿ ಎಣಿಕೆಯ ದೀಪವನ್ನು ಹಚ್ಚಿಟ್ಟಿದ್ದುದರಿಂದಲೇ ಅವರ ಇಲ್ಲವಾಗುವಿಕೆಯ ಪ್ರಮಾಣವು ಲೋಕಕ್ಕೆ ಗೋಚರಿಸಿತು. ಎಣಿಕೆಯನ್ನು ಶುಷ್ಕವೆನ್ನುವವರು ಈ ಎರಡು ಅಂಕಿಗಳನ್ನು ಒಮ್ಮೆ ಮೌನವಾಗಿ ಅಕ್ಕಪಕ್ಕದಲ್ಲಿಟ್ಟು ನೋಡಲಿ. ಸಾಕ್ಷಿಯಿಲ್ಲದೆ ಸತ್ತವರಿಗೆ ಉಳಿದಿರುವ ಸಾಕ್ಷಿ ಅಷ್ಟೆ.

ಇದೇ ಮಣ್ಣಿನಲ್ಲಿ ಇಬ್ಬರು ದೊಡ್ಡವರು ಜನಿಸಿದರು. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಏರ್ಪಟ್ಟಾಗ ಅದರ ಹಿಂದಿನ ಚೇತನವಾಗಿದ್ದರು. ಭಾರತದ ಅರ್ಥಯೋಜನೆಯನ್ನು ಕುರಿತು 1934ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಅಂಕಿಅಂಶಗಳೇ ವಾದದ ಅಡಿಗಲ್ಲು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿಯನ್ನು ನೇಮಿಸಿ, ಪ್ರಶ್ನಿಸದೆ ಒಪ್ಪಬೇಡಿರೆಂಬ ಬೋಧೆಯನ್ನು ಬಾಳಿನುದ್ದಕ್ಕೂ ನಡೆದು ತೋರಿಸಿದರು. ಒಬ್ಬರಿಂದ ಅಳೆಯುವುದನ್ನೂ ಮತ್ತೊಬ್ಬರಿಂದ ಕೇಳುವುದನ್ನೂ ಈ ಜಿಲ್ಲೆಯ ಮಕ್ಕಳು ಪಿತ್ರಾರ್ಜಿತವೆಂಬಂತೆ ಪಡೆದಿದ್ದಾರೆ. ಮೂರನೆಯದೊಂದು ಉಳಿಯುತ್ತದೆ, ಅದನ್ನು ಹೇಳಲು ವೇದಾಂತದ ಒಂದು ಕಥೆಯನ್ನು ನೆನೆಯಬೇಕು.

ಹತ್ತು ಮಂದಿ ತುಂಬಿದ ಹೊಳೆಯನ್ನು ಈಜಿ ದಾಟಿದರು. ಎಲ್ಲರೂ ದಡ ಸೇರಿದರೋ ಇಲ್ಲವೋ ಎಂದು ಒಬ್ಬನು ಎಣಿಸಿದನು, ಒಂಬತ್ತೇ ಬಂದಿತು. ಮತ್ತೊಬ್ಬನು ಎಣಿಸಿದನು, ಆಗಲೂ ಒಂಬತ್ತೇ. ಹತ್ತನೆಯವನು ಹೊಳೆಯಲ್ಲಿ ಕೊಚ್ಚಿಹೋದನೆಂದು ಎಲ್ಲರೂ ಎದೆ ಬಡಿದುಕೊಂಡು ಅಳುತ್ತಿರಲು, ದಾರಿಹೋಕನೊಬ್ಬನು ಬಂದು, ಎಣಿಸಿದವನ ಕಡೆಗೆ ಬೆರಳು ತೋರಿ, ಹತ್ತನೆಯವನು ನೀನೇ ಎಂದನು. ಶಂಕರರ ಉಪದೇಶಸಾಹಸ್ರಿಯಲ್ಲಿಯೂ ವಿದ್ಯಾರಣ್ಯರ ಪಂಚದಶಿಯಲ್ಲಿಯೂ ಈ ದೃಷ್ಟಾಂತವು ಬರುವುದು ಆತ್ಮವನ್ನು ತೋರುವುದಕ್ಕಾಗಿ. ಅದನ್ನು ಊರಿನ ಲೆಕ್ಕಕ್ಕೆ ಅನ್ವಯಿಸಿದರೆ ಅದರ ಗೌರವವು ಕುಂದದೆಂದು ನನ್ನ ನಂಬಿಕೆ. ಆ ಹುಡುಗಿ ಐವತ್ತು ಮನೆಗಳನ್ನು ಎಣಿಸಿದಳು. ಐವತ್ತೊಂದನೆಯದು ಅವಳದೇ ಮನೆ. ಊರಿನ ಅಂತರ್ಜಲವು ಏಕೆ ಇಳಿಯಿತೆಂದು ಅವಳು ಬರೆಯುತ್ತಿರುವಾಗ, ಅವಳ ತಂದೆಯ ದ್ರಾಕ್ಷಿತೋಟದ ಪಂಪು ಅದೇ ನೀರನ್ನು ಎತ್ತುತ್ತಿರಬಹುದು. ಆ ದ್ರಾಕ್ಷಿಯಿಂದಲೇ ಅವಳ ಶಾಲೆಯ ಖರ್ಚು ನಡೆಯುತ್ತಿರಬಹುದು. ಇದನ್ನು ಬರೆಯುವುದೋ ಬಿಡುವುದೋ ಎಂದು ಅವಳ ಲೇಖನಿ ತಡೆದು ನಿಲ್ಲುವ ಆ ಗಳಿಗೆಯು ಗಣಿತದ ಗಳಿಗೆಯಲ್ಲ, ಧರ್ಮದ ಗಳಿಗೆ.

ಪರೀಕ್ಷಕನು ತಟಸ್ಥನಾಗಿರಬೇಡವೆ, ತನ್ನನ್ನು ಹೊರಗಿಟ್ಟುಕೊಂಡಲ್ಲವೆ ಅವನು ನೋಡತಕ್ಕದ್ದು ಎಂದು ಯಾರಾದರೂ ಆಕ್ಷೇಪಿಸಬಹುದು. ತಾಟಸ್ಥ್ಯವು ಬೇಕೇ ಬೇಕು. ಆದರೆ ಸಾಂಖ್ಯರ ಸಾಕ್ಷಿಯು ತಟಸ್ಥನೇ ಹೊರತು ಗೈರುಹಾಜರಾದವನಲ್ಲ. ಅವನನ್ನೂ ಹೆಸರಿಸಿಯೇ ಅವರು ಇಪ್ಪತ್ತೈದನ್ನು ಪೂರೈಸಿದರು. ನೆರೆಯವನನ್ನು ಯಾವ ಕೋಲಿನಿಂದ ಅಳೆದೆನೋ ಅದೇ ಕೋಲಿನಿಂದ ನನ್ನನ್ನೂ ಅಳೆದುಕೊಳ್ಳುತ್ತೇನೆಂಬುದಕ್ಕಿಂತ ಕಠಿಣವಾದ ನಿಷ್ಪಕ್ಷಪಾತವು ಬೇರೊಂದಿಲ್ಲ. ತನ್ನನ್ನು ಬಿಟ್ಟು ಎಣಿಸಿದವನಿಗೆ ಊರು ಪರೀಕ್ಷೆಯ ವಸ್ತುವಾಗಿ ಉಳಿಯುತ್ತದೆ. ತನ್ನನ್ನು ಸೇರಿಸಿ ಎಣಿಸಿದವನಿಗೆ ಊರಿನ ಕಷ್ಟವು ತನ್ನ ಕಷ್ಟವಾಗುತ್ತದೆ, ಊರಿನ ತಪ್ಪು ತನ್ನ ತಪ್ಪೂ ಆಗುತ್ತದೆ. ನಾನು ಮೊದಲಲ್ಲಿ ಕೇಳಿದ ಪ್ರಶ್ನೆಗೆ ನನಗೆ ದೊರೆತಿರುವ ಉತ್ತರ ಇದು: ಎಣಿಕೆಯು ಅರಿವಾಗುವುದು ಎಣಿಸುವವನು ಅದರೊಳಗೆ ಬಂದಾಗ. ಬಂದವನು ಅಲ್ಲಿಂದ ಬರಿಗೈಯಲ್ಲಿ ಎದ್ದುಹೋಗುವಂತಿಲ್ಲ.

ಆದುದರಿಂದ ಮಾರ್ಗದರ್ಶಿಗಳಾದ ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹ ಎರಡೇ. ಮಕ್ಕಳ ವರದಿಯು ಜಿಲ್ಲೆಯ ತೀರ್ಪುಗಾರರ ಮುಂದೆ ಹೋಗುವುದಕ್ಕೆ ಮೊದಲು ಆ ಊರಿನ ಅರಳೀಕಟ್ಟೆಯ ಮೇಲೆ, ಆ ಊರಿನ ಮನೆಮಾತಿನಲ್ಲಿ, ಬಿಂದಿಗೆಯ ಲೆಕ್ಕವನ್ನು ಕೊಟ್ಟ ಅಜ್ಜಿಯ ಎದುರಿಗೆ ಓದಲ್ಪಡಲಿ. ತಪ್ಪಿದ್ದರೆ ಅವಳೇ ತಿದ್ದಲಿ. ಮತ್ತು ಕೋಷ್ಟಕಕ್ಕೆ ಗೆರೆ ಎಳೆದ ದಿನವೇ, ಇನ್ನಾರ ಜಗುಲಿಯನ್ನೂ ಹತ್ತುವುದಕ್ಕೆ ಮುಂಚೆ, ಪ್ರತಿಯೊಂದು ಮಗುವೂ ಮೊದಲನೆಯ ಸಾಲಿನಲ್ಲಿ ತನ್ನ ಮನೆಯ ಲೆಕ್ಕವನ್ನು ಬರೆದುಕೊಳ್ಳಲಿ.